ಹೆಳವರ ಹೊತ್ತಗೆಯೂ ನಮ್ಮ ವಂಶವೃಕ್ಷವೂ

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ, ಶಹಾಪುರ ತಾಲ್ಲೂಕಿನ ನಮ್ಮ ಊರಿಗೆ ಕೆಲವು ವರ್ಷಗಳಿಗೊಮ್ಮೆ ಹೆಳವರು ಬರುವುದುಂಟು. ನಾವು ಬಾಲಕರಾಗಿದ್ದಾಗ ಅವರು ಎತ್ತಿನೊಡನೆ ಗಂಟೆ ಬಾರಿಸುತ್ತ ಬಂದು, ನಸುಕಿನಲ್ಲಿ ಮನೆಯ ಮುಂದೆ ನಿಂತು, ನಮ್ಮ ಮನೆತನದ ಮೂಲಪುರುಷನಿಂದ ಮೊದಲುಗೊಂಡು ನಮ್ಮ ತಂದೆಯವರ ವರೆಗೆ ಎಲ್ಲ ಹೆಸರುಗಳನ್ನೂ ಎಲ್ಲಿಯೂ ತಡವರಿಸದೆ ಹೇಳಿ ಮುಗಿಸುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಮನೆಯವರು ಮೊರದ ತುಂಬ ಜೋಳವನ್ನೂ ಬಟ್ಟೆಯನ್ನೂ ಕೊಟ್ಟು, ಆ ನಡುವೆ ಹುಟ್ಟಿದ ಮಕ್ಕಳ ಹೆಸರನ್ನು ಅವರ ಹೊತ್ತಗೆಯಲ್ಲಿ ಬರೆಯಿಸುತ್ತಿದ್ದರು. ನಮ್ಮ ಹೆಸರು ಶಾಲೆಯ ದಾಖಲೆಗೆ ಸೇರುವುದಕ್ಕೆ ಮುಂಚೆಯೇ ಆ ಹೊತ್ತಗೆಗೆ ಸೇರಿತ್ತು.

ಹೆಳವ ಎಂದರೆ ಕಾಲಿಲ್ಲದವನು ಎಂದರ್ಥ. ತಮ್ಮ ಮೂಲಪುರುಷನು ಹೆಳವನಾಗಿದ್ದುದರಿಂದ ಎತ್ತನ್ನೇರಿ ಸಂಚರಿಸುತ್ತಿದ್ದನೆಂಬುದು ಆ ಜನರ ಐತಿಹ್ಯ. ಹಿಂದೆ ತಾಮ್ರದ ತಗಡಿನಲ್ಲಿಯೂ ತಾಳೆಗರಿಯಲ್ಲಿಯೂ ಇದ್ದ ಅವರ ದಾಖಲೆ ಬರಬರುತ್ತ ಕಾಗದಕ್ಕೆ ಇಳಿಯಿತು. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ಪಾಲಿಗೆ ಇವರೇ ಚರಿತ್ರಕಾರರು. ಇಂತಹ ಹೊತ್ತಗೆಗಳನ್ನು ವಿಜ್ಞಾನದ ಅಭ್ಯಾಸಿಗಳಾದ ನಾವು ಹೇಗೆ ಕಾಣಬೇಕು? ಮೂಢರ ಕಂತೆಯೆಂದು ತಳ್ಳಿಬಿಡಬೇಕೆ, ಇಲ್ಲವೆ ಕುಲದ ಹೆಮ್ಮೆಗೆ ಸಾಧನವೆಂದು ತಲೆಯ ಮೇಲೆ ಹೊರಬೇಕೆ? ಇವೆರಡೂ ಸಲ್ಲವೆಂದೂ, ಅವುಗಳನ್ನು ಪರೀಕ್ಷಿಸಿ, ತಿದ್ದಿ, ತುಂಬಿ, ಉಳಿಸಿಕೊಳ್ಳಬೇಕೆಂದೂ ಹೇಳುವುದೇ ಈ ಲೇಖನದ ಉದ್ದೇಶ.

ಪೂರ್ವಜರ ಶೋಧವೆಂದರೆ ಇಂಗ್ಲೆಂಡಿನಂತಹ ದೇಶದಲ್ಲಿ ಎಷ್ಟು ಸುಗಮವೆಂಬುದನ್ನು ಮೊದಲು ನೋಡೋಣ. 1538ರಲ್ಲಿ ಎಂಟನೆಯ ಹೆನ್ರಿ ದೊರೆಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ಲನು, ಪ್ರತಿಯೊಂದು ಊರಿನ ಚರ್ಚಿನಲ್ಲಿಯೂ ನಾಮಕರಣ, ಮದುವೆ, ಶವಸಂಸ್ಕಾರ ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಆಜ್ಞೆ ಮಾಡಿಸಿದನು. 1837ರ ಜುಲೈ 1ರಿಂದ ಜನನ ಮರಣಗಳ ನೋಂದಣಿಯನ್ನು ಸರಕಾರವೇ ವಹಿಸಿಕೊಂಡಿತು. 1841ರಿಂದೀಚೆಗೆ ಜನಗಣತಿಯ ಕಾಲದಲ್ಲಿ ಮನೆಮನೆಯವರ ಹೆಸರುಗಳನ್ನು ಬರೆದ ಹಾಳೆಗಳು ಉಳಿದುಬಂದಿವೆ. ನೂರು ವರ್ಷ ಕಳೆದ ಮೇಲೆ ಅವು ಸಾರ್ವಜನಿಕರ ಕಣ್ಣಿಗೂ ತೆರೆಯುವುವು. ಆದುದರಿಂದ ಅಲ್ಲಿಯ ಹಳ್ಳಿಯೊಂದರ ಕೂಲಿಕಾರನ ಸಂತತಿಯವನು ಸಹ, ಅದೃಷ್ಟವಿದ್ದರೆ, ಹುಳ ಹಿಡಿಯದ ಪುಸ್ತಕ ದೊರೆತರೆ, ನಾಲ್ಕು ನೂರು ವರ್ಷ ಹಿಂದಕ್ಕೆ ಹೆಜ್ಜೆಯಿಡಬಲ್ಲನು.

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ನಮ್ಮ ಕಡೆಯ ವಾಚಕರು ಕಂಡೇ ಇರುವರು. 1841ರಿಂದ 1853ರ ವರೆಗೆ ಸುರಪುರ ಸಂಸ್ಥಾನದಲ್ಲಿ ರಾಜಕೀಯ ಪ್ರತಿನಿಧಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರನು 1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲಿನಲ್ಲಿ ಹುಟ್ಟಿದನೆಂಬುದೂ, ಅವನ ತಂದೆ ವರ್ತಕನಾಗಿದ್ದನೆಂಬುದೂ, ಅವನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, ಅಂದರೆ 1877ರಲ್ಲಿ, ಅಚ್ಚಾಯಿತೆಂಬುದೂ ಯಾರಿಗೆ ಬೇಕಾದರೂ ಗ್ರಂಥಗಳಲ್ಲಿ ದೊರೆಯುವ ಸಂಗತಿಗಳು. ಸುರಪುರದ ನಾಯಕರ ವಂಶಾವಳಿಯೂ ಚರಿತ್ರೆಯ ಪುಸ್ತಕಗಳಲ್ಲಿದೆ. ಆದರೆ ಆ ಬಂಗಲೆಗೆ ಕಲ್ಲು ಹೊತ್ತವರು ಯಾರು, ಗಚ್ಚು ಅರೆದವರು ಯಾರು, ಅವರ ಮಕ್ಕಳು ಮೊಮ್ಮಕ್ಕಳು ಈಗ ಯಾವ ಓಣಿಯಲ್ಲಿ ಇರುವರು ಎಂದು ಕೇಳಿದರೆ ಯಾವ ಗ್ರಂಥವೂ ಬಾಯಿ ತೆರೆಯದು. ಹನ್ನೆರಡು ವರ್ಷ ಇದ್ದು ಹೋದವನ ಜನ್ಮದಿನ ಗೊತ್ತು. ತಲೆತಲಾಂತರದಿಂದ ಇಲ್ಲಿಯೇ ಬಾಳಿದವರ ಹೆಸರೂ ಗೊತ್ತಿಲ್ಲ!

ಇದಕ್ಕೆ ಕಾರಣಗಳುಂಟು. ನಮ್ಮ ಸೀಮೆಯಲ್ಲಿ ಆಳುವವರು ಬದಲಾದಂತೆಲ್ಲ ದಾಖಲೆಯ ಭಾಷೆಯೂ ಬದಲಾಯಿತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕನು ಮಡಿದ ಮೇಲೆ ಸಂಸ್ಥಾನವು ಆಂಗ್ಲರ ಕೈಗೆ ಹೋಯಿತು. 1860ರಲ್ಲಿ ಅವರು ಅದನ್ನು ನಿಜಾಮರಿಗೆ ಒಪ್ಪಿಸಿದರು. ನಿಜಾಮರ ಆಡಳಿತದಲ್ಲಿ ಮೊದಲು ಪಾರಸಿ, 1880ರ ದಶಕದಿಂದ ಉರ್ದು ಕಚೇರಿಯ ಭಾಷೆಗಳಾದುವು. 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ನಮ್ಮ ಪ್ರದೇಶ ಕನ್ನಡನಾಡಿಗೆ ಸೇರಿದ ಬಳಿಕ ಕನ್ನಡ ಬಂದಿತು. ಅಜ್ಜನ ಹೊಲದ ಕಾಗದವನ್ನು ಮೊಮ್ಮಗನು ಓದಲಾರದೆ, ಉರ್ದು ಬಲ್ಲವರನ್ನು ಹುಡುಕಿಕೊಂಡು ಹೋಗುವುದು ಇಂದಿಗೂ ಉಂಟು. ಜನನ ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾಯದೆ ಬಂದುದು 1969ರಲ್ಲಿ. ಜನಗಣತಿಯಲ್ಲಿ ಒಬ್ಬೊಬ್ಬರು ಕೊಟ್ಟ ವಿವರಗಳನ್ನಾದರೋ 1948ರ ಕಾಯದೆಯ ಮೇರೆಗೆ ಗುಟ್ಟಾಗಿಯೇ ಇಡಬೇಕು. ಹೀಗಿರುವಲ್ಲಿ ಒಕ್ಕಲು ಮಕ್ಕಳ ಪಾಲಿಗೆ ಹೆಳವರ ಹೊತ್ತಗೆಯಲ್ಲದೆ ಬೇರೆ ಆಧಾರ ಎಲ್ಲಿದೆ?

ಆಧಾರವೆಂದ ಮಾತ್ರಕ್ಕೆ ಅದನ್ನು ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲು ಕಲಿಸುವ ಪಾಠವೇ ಇದು: ಅಳತೆಯೆಂದರೆ ಅದರೊಡನೆ ದೋಷದ ಅಂದಾಜೂ ಇರಬೇಕು. ಹೊತ್ತಗೆಯನ್ನು ತಂದೆಯಿಂದ ಮಗ ನಕಲು ಮಾಡಿಕೊಳ್ಳುವಾಗ ಒಂದೊಂದು ಹೆಸರೂ ಸರಿಯಾಗಿ ದಾಟುವ ಸಂಭವ ನೂರಕ್ಕೆ 95 ಎಂದು ಊಹೆಗಾಗಿ ಇಟ್ಟುಕೊಳ್ಳೋಣ. ಇದೇನೂ ಕೆಟ್ಟ ಪ್ರಮಾಣವಲ್ಲ. ಆದರೆ ಹತ್ತು ಸಲ ಕೈ ಬದಲಾದ ಮೇಲೆ ಆ ಹೆಸರು ಸರಿಯಾಗಿ ಉಳಿದಿರುವ ಸಂಭವ ನೂರಕ್ಕೆ 60ಕ್ಕೆ ಇಳಿಯುವುದು. ಇದಕ್ಕೆ ಮದ್ದೂ ಉಂಟು. ಬಹುಕಾಲದ ಹಿಂದೆಯೇ ಬೇರೆ ಬೇರೆಯಾದ ಎರಡು ಹೆಳವ ಮನೆತನಗಳ ಹೊತ್ತಗೆಗಳು ದೊರೆತು, ಎರಡರಲ್ಲಿಯೂ ಒಂದೇ ಹೆಸರು ಬಂದರೆ, ಇಬ್ಬರೂ ಬೇರೆ ಬೇರೆಯಾಗಿ ಅದೇ ತಪ್ಪನ್ನು ಮಾಡಿರುವ ಸಂಭವ ಅತ್ಯಲ್ಪವಾದುದರಿಂದ, ನಮ್ಮ ನಂಬಿಕೆ ಬಹಳ ಮಟ್ಟಿಗೆ ಗಟ್ಟಿಯಾಗುವುದು.

ಇನ್ನೊಂದು ತೊಡಕನ್ನೂ ಹೇಳಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆಯ ರೂಢಿ. ಶರಣಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಶರಣಪ್ಪ, ಅವನ ಮಗ ಮತ್ತೆ ಬಸಪ್ಪ. ಹೀಗೆ ಹೆಸರುಗಳು ಅಲೆಯ ಏರಿಳಿತದಂತೆ ಮರುಕಳಿಸುವಾಗ, ನಡುವೆ ಒಂದು ಆವರ್ತ, ಅಂದರೆ ಎರಡು ತಲೆಮಾರು, ಬಿಟ್ಟುಹೋದರೂ ತಿಳಿಯದು. ಹೆಚ್ಚಾಗಿ ಸೇರಿದರೂ ತಿಳಿಯದು. ಕಾಲವನ್ನು ಸಂವತ್ಸರದ ಹೆಸರಿನಿಂದ ಹೇಳುವಲ್ಲಿಯೂ ಇದೇ ಕಷ್ಟ. ಧಾತು ಸಂವತ್ಸರದಲ್ಲಿ ಹುಟ್ಟಿದನೆಂದರೆ 1876ರಲ್ಲೋ, 1816ರಲ್ಲೋ? ಅರವತ್ತು ವರ್ಷಗಳ ಚಕ್ರವು ಗಂಟೆಯ ಮುಳ್ಳಿಲ್ಲದ, ನಿಮಿಷದ ಮುಳ್ಳು ಮಾತ್ರವಿರುವ ಗಡಿಯಾರದಂತೆ. ನಿಮಿಷ ಸರಿಯಾಗಿದ್ದರೂ ಗಂಟೆ ಯಾವುದೆಂದು ಹೊರಗಿನ ಸಾಕ್ಷಿಯಿಂದಲೇ ತಿಳಿಯಬೇಕು.

ಹೊರಗಿನ ಸಾಕ್ಷಿಗಳಿಗೆ ಕೊರತೆಯಿಲ್ಲ. 1791–92ರ ಡೋಗಿ ಬರ, 1876ರಿಂದ 1878ರ ವರೆಗಿನ ಧಾತು ಈಶ್ವರ ಬರ, 1918ರ ಇನ್‌ಫ್ಲುಯೆಂಜಾ, ಇವೆಲ್ಲ ಜನರ ನೆನಪಿನಲ್ಲಿ ಉಳಿಯತಕ್ಕ ಗುರುತುಗಳು. ಆಕಾಶವೂ ಸಾಕ್ಷಿ ಹೇಳಬಲ್ಲದು. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಅದನ್ನು ಜಮಖಂಡಿಯಲ್ಲಿ ಆಂಗ್ಲ ಸೇನಾಧಿಕಾರಿ ಜಾನ್ ಹರ್ಷಲನೂ ಗುಂಟೂರಿನಲ್ಲಿ ಫ್ರಾನ್ಸಿನ ವಿಜ್ಞಾನಿ ಜಾನ್ಸೆನ್ನನೂ ವೀಕ್ಷಿಸಿದರು. ಹೀಲಿಯಂ ಎಂಬ ಮೂಲವಸ್ತುವಿನ ಪತ್ತೆಗೆ ದಾರಿ ತೋರಿದ ಆ ಗ್ರಹಣದ ನೆರಳು ಈ ಎರಡು ಊರುಗಳ ನಡುವೆ ಇರುವ ಸುರಪುರದ ಮೇಲೆಯೂ ಹಾದುಹೋಯಿತು. ಹೊತ್ತಗೆಯೊಂದರಲ್ಲಿ, ಹಗಲು ಕತ್ತಲಾದ ವಿಭವ ಸಂವತ್ಸರದಲ್ಲಿ ಹುಟ್ಟಿದವನು ಎಂಬ ಒಂದು ಮಾತು ಸಿಕ್ಕಿದರೆ ಸಾಕು, ಆ ತಲೆಮಾರಿಗೆ ಮೊಳೆ ಹೊಡೆದಂತೆ ಕಾಲ ನಿಲ್ಲುವುದು. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಬಹುದು.

ಇನ್ನು ಕುಲಾಭಿಮಾನದ ಮಾತು. ನಮ್ಮ ವಂಶ ಇಂತಹ ವೀರನಿಂದ, ಇಂತಹ ಶರಣನಿಂದ ಬಂದುದೆಂದು ಹೇಳಿಕೊಳ್ಳುವುದು ಎಲ್ಲರಿಗೂ ಪ್ರಿಯ. ಆದರೆ ಲೆಕ್ಕ ಮಾಡಿದರೆ ಈ ಹೆಮ್ಮೆ ನಿಲ್ಲುವುದಿಲ್ಲ. ನಮಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು ಮಂದಿ. ಹತ್ತನೆಯ ತಲೆಮಾರಿಗೆ ಹೋಗುವಷ್ಟರಲ್ಲಿ 1,024 ಸ್ಥಾನಗಳಾಗುವುವು. ನಡುವಿನವರನ್ನೆಲ್ಲ ಕೂಡಿಸಿದರೆ 2,046. ಹೆಳವರು ಹೇಳುವ ಗಂಡುಸಂತತಿಯ ಸಾಲಿನಲ್ಲಿ ಬರುವವರು ಇವರಲ್ಲಿ ಹತ್ತು ಮಂದಿ ಮಾತ್ರ! ಒಂದು ತಲೆಮಾರಿಗೆ 28 ವರ್ಷವೆಂದು ಹಿಡಿದರೆ, ಮೂವತ್ತು ತಲೆಮಾರಿಗೆ 840 ವರ್ಷ. ಹೆಚ್ಚುಕಡಿಮೆ ಬಸವಣ್ಣನವರ ಕಾಲ. ಆಗ ನಮ್ಮ ಪೂರ್ವಜರ ಸ್ಥಾನಗಳ ಸಂಖ್ಯೆ 107 ಕೋಟಿಯನ್ನು ಮೀರುವುದು. ಆ ಕಾಲದಲ್ಲಿ ಇಡೀ ಜಗತ್ತಿನ ಜನಸಂಖ್ಯೆಯೇ ಐವತ್ತು ಕೋಟಿಗಿಂತ ಕಡಿಮೆಯಿತ್ತೆಂದು ವಿದ್ವಾಂಸರ ಅಂದಾಜು. ಇದರ ಅರ್ಥವೇನು? ಒಬ್ಬನೇ ವ್ಯಕ್ತಿ ನಮ್ಮ ವಂಶವೃಕ್ಷದಲ್ಲಿ ನೂರಾರು, ಸಾವಿರಾರು ಕಡೆ ಕುಳಿತಿರಲೇಬೇಕು. ನಮ್ಮ ಪೂರ್ವಜರೂ ನೆರೆಮನೆಯವರ ಪೂರ್ವಜರೂ ಬಹುಮಟ್ಟಿಗೆ ಅವರೇ ಆಗಿರಬೇಕು.

ಜಾತಿಯೊಳಗೇ ಮದುವೆಯಾಗುವ ಪದ್ಧತಿಯಿರುವ ನಮ್ಮಲ್ಲಿ ಈ ಬೆರಕೆ ಜಾತಿಯ ಗೋಡೆಯನ್ನು ದಾಟಿತೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹೈದರಾಬಾದಿನ ಕೋಶೀಯ ಹಾಗೂ ಅಣುಜೀವವಿಜ್ಞಾನ ಕೇಂದ್ರದವರೂ ಅಮೆರಿಕದ ಹಾರ್ವರ್ಡಿನವರೂ ಕೂಡಿ 2013ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದಕ್ಕೆ ಉತ್ತರ ಕೊಡುವುದು. ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನ ವರೆಗೆ ಭಾರತದ ಜನಸಮುದಾಯಗಳಲ್ಲಿ ವ್ಯಾಪಕವಾದ ಬೆರಕೆ ನಡೆಯಿತೆಂದೂ, ಗೋಡೆಗಳು ಬಿಗಿಯಾದುದು ಆಮೇಲೆಂದೂ ಅದರಿಂದ ತಿಳಿದುಬಂದಿದೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಬಂಡೆಗಳನ್ನು ನೆಟ್ಟುಹೋದ ಪ್ರಾಚೀನರ ಸಂತತಿ ಇಂದಿಗೂ ಉಳಿದಿದ್ದರೆ, ಅದು ಒಂದು ಓಣಿಯಲ್ಲಿ ಮಾತ್ರವಲ್ಲದೆ ಊರಿನ ಎಲ್ಲ ಓಣಿಗಳಲ್ಲಿಯೂ ಇರುವ ಸಂಭವವೇ ಹೆಚ್ಚು. ಮೇಲಾಗಿ, ವರ್ಣತಂತುಗಳು ತುಂಡುತುಂಡಾಗಿ ಸಂತತಿಗೆ ಹಂಚಿಹೋಗುವುದರಿಂದ, ಹತ್ತು ತಲೆಮಾರಿನ ಹಿಂದಿನ ಪೂರ್ವಜರಲ್ಲಿ ಸುಮಾರು ಅರ್ಧದಷ್ಟು ಮಂದಿಯಿಂದ ನಮ್ಮ ದೇಹಕ್ಕೆ ಒಂದು ತುಣುಕೂ ಬಂದಿರದು. ಯಾರ ಹೆಸರನ್ನು ಹೇಳಿ ಮೀಸೆ ತಿರುವುತ್ತೇವೆಯೋ ಅವರ ಒಂದು ಕಣವೂ ನಮ್ಮಲ್ಲಿ ಇರದೆ ಹೋಗಬಹುದು!

ಹಾಗಾದರೆ ವಂಶಾವಳಿಯಿಂದ ಪ್ರಯೋಜನವಾದರೂ ಏನು? ಇದಕ್ಕೆ ಉತ್ತರವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಮನೆಯಲ್ಲಿ ಕಲಿತೆವು.

ನಮ್ಮ ತಂಗಿಯನ್ನು ಸೋದರಮಾವನಿಗೇ ಕೊಟ್ಟಿತ್ತು. ನಮ್ಮ ಕಡೆ ಇದು ವಿಶೇಷವಲ್ಲ; 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ತಂದೆತಾಯಿಗಳ ಮದುವೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ರಕ್ತಸಂಬಂಧದವೇ ಎಂದು ಕಂಡುಬಂದಿತ್ತು. ತಂಗಿಯ ಮಗು ಮೂರು ವರ್ಷವಾದರೂ ಮಾತಾಡಲಿಲ್ಲ. ತಡವಾಗಿ ಮಾತು ಬರುವುದು ಮನೆತನದ ಗುಣವೆಂದು ಹಿರಿಯರು ಸಮಾಧಾನ ಹೇಳಿದರು. ಕೊನೆಗೆ ವೈದ್ಯರಲ್ಲಿಗೆ ಒಯ್ದಾಗ ಮಗುವಿಗೆ ಕಿವಿ ಕೇಳಿಸದೆಂದು ಗೊತ್ತಾಯಿತು. ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗೆ ಇತ್ತೆ ಎಂದು ವೈದ್ಯರು ಕೇಳಿದರು. ನಮ್ಮ ತಂದೆಯವರು ಹೆಳವನಿಂದ ಕಲಿತ ಹನ್ನೊಂದು ತಲೆಮಾರುಗಳನ್ನು ನಿರರ್ಗಳವಾಗಿ ಒಪ್ಪಿಸಿದರು. ವೈದ್ಯರು ಅದನ್ನೆಲ್ಲ ತಾಳ್ಮೆಯಿಂದ ಕೇಳಿ, "ಯಜಮಾನರೆ, ಇದು ನಿಮ್ಮ ಕಡೆಯದಾಯಿತು, ಹುಡುಗಿಯ ತಾಯಿಯ ತಾಯಿ ಯಾರ ಮನೆಯವರು?" ಎಂದರು. ತಂದೆಯವರು ಮೌನವಾದರು. ನಮಗೂ ಗೊತ್ತಿರಲಿಲ್ಲ.

ಸುರಪುರ ಸೀಮೆಯ ಒಂದು ಹಳ್ಳಿ ನಮ್ಮ ಆ ಅಜ್ಜಿಯ ತವರು. ಅಲ್ಲಿಗೆ ಹೋಗಿ ವಿಚಾರಿಸಿದಾಗ ಮುದುಕಿಯೊಬ್ಬಳು, ನಿಮ್ಮ ಅಜ್ಜಿಗೆ ಅಕ್ಕ ಒಬ್ಬಳಿದ್ದಳು, ಮೂಗವ್ವ ಎನ್ನುತ್ತಿದ್ದರು, ಮದುವೆಯಾಗದೆ ತವರಲ್ಲೇ ದುಡಿದು ಸತ್ತಳು ಎಂದಳು. ಮೂಗವ್ವ! ಹುಟ್ಟುಗಿವುಡರಾದವರಿಗೆ ಮಾತು ಬಾರದೆ ಹಳ್ಳಿಯವರು ಇಡುವ ಹೆಸರು ಅದು. ವೈದ್ಯರು ಕೇಳಿದ ಪ್ರಶ್ನೆಗೆ ಉತ್ತರ ಆ ಒಂದು ಅಡ್ಡಹೆಸರಿನಲ್ಲಿತ್ತು.

ಇದರ ಒಳಮರ್ಮವನ್ನು ವಿವರಿಸುವುದು ಅಗತ್ಯ. ನಮ್ಮ ಒಂದೊಂದು ಜೀನೂ ಜೋಡಿಯಾಗಿರುವುದು. ಒಂದು ತಂದೆಯಿಂದ, ಒಂದು ತಾಯಿಯಿಂದ. ಹುಟ್ಟುಗಿವುಡಿಗೆ ಕಾರಣವಾಗುವ ಜೀನುಗಳಲ್ಲಿ ಬಹಳಷ್ಟು, ಜೋಡಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ದೋಷವನ್ನು ತೋರಿಸುವುವು. ಒಂದೇ ಪ್ರತಿ ಕೆಟ್ಟಿದ್ದರೆ ಅದನ್ನು ಹೊತ್ತವರು ಆರೋಗ್ಯವಾಗಿಯೇ ಇರುವರು. ನಮ್ಮ ಅಜ್ಜಿ ಅಂತಹ ಒಂದು ಪ್ರತಿಯನ್ನು ಹೊತ್ತಿದ್ದಿರಬೇಕು. ಅದು ಒಂದು ಕಡೆ ಅವಳ ಮಗನಿಗೆ, ಎಂದರೆ ಸೋದರಮಾವನಿಗೆ, ಮತ್ತೊಂದು ಕಡೆ ಮಗಳ ಮೂಲಕ ಮೊಮ್ಮಗಳಿಗೆ ಇಳಿದು, ಅವರಿಬ್ಬರ ಮದುವೆಯಿಂದ ಮಗುವಿನಲ್ಲಿ ಎರಡೂ ಕೂಡಿದುವು. ಸೋದರಮಾವ-ಸೊಸೆಯರ ಮಗುವಿನಲ್ಲಿ ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಯ ಮಗಳು, ಮಾವನ ಮಗ ಇಂತಹವರು ಮದುವೆಯಾದರೆ ಹದಿನಾರರಲ್ಲಿ ಒಂದು. ಇಂತಹ ಮದುವೆಗಳಿಂದ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಎಂಬುದು ನಿಜ. ಯಾರನ್ನೂ ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಮೂಗವ್ವನ ಸಂಗತಿ ಮೊದಲೇ ತಿಳಿದಿದ್ದರೆ, ಮಗು ಹುಟ್ಟಿದ ತಿಂಗಳಲ್ಲಿಯೇ ಕಿವಿಯ ಪರೀಕ್ಷೆ ಮಾಡಿಸಬಹುದಾಗಿತ್ತು. ಮಾತು ಕಲಿಯುವ ಮೊದಲ ಮೂರು ವರ್ಷಗಳನ್ನು ಆ ಮಗು ಕಳೆದುಕೊಂಡಿತು. ಅವು ಮರಳಿ ಬರುವುದಿಲ್ಲ.

ಆದುದರಿಂದ ನಮ್ಮ ಮನೆತನಗಳ ದಾಖಲೆಯಲ್ಲಿ ಇರುವ ಅತಿ ದೊಡ್ಡ ಕೊರತೆ ಹುಳ ತಿಂದ ಹಾಳೆಯಲ್ಲ, ನಕಲಿನ ತಪ್ಪೂ ಅಲ್ಲ. ಹೆಣ್ಣುಮಕ್ಕಳ ಹೆಸರು ಇಲ್ಲದಿರುವುದು. ಇದಕ್ಕೆ ಹೆಳವರನ್ನು ದೂರಿ ಫಲವಿಲ್ಲ; ಅವರು ನಾವು ಹೇಳಿದುದನ್ನು ಬರೆದುಕೊಂಡರು, ನಾವು ಕೇಳಬಯಸಿದುದನ್ನು ಹಾಡಿದರು. ಪ್ರಕೃತಿಯಾದರೋ ಇಂತಹ ಭೇದವನ್ನು ಮಾಡಿಲ್ಲ. ವೈ ವರ್ಣತಂತು ತಂದೆಯಿಂದ ಮಗನಿಗೆ ಇಳಿಯುವಂತೆಯೇ, ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಡಿ.ಎನ್.ಎ. ತಾಯಿಯಿಂದ ಮಕ್ಕಳಿಗೆ ಇಳಿದು, ತಾಯಂದಿರ ಸಾಲನ್ನು ಎಡೆಬಿಡದೆ ಬರೆದಿಟ್ಟಿದೆ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಸಲಹೆಗಳು ಸರಳವಾಗಿವೆ. ಯಾದಗಿರಿ, ಶಹಾಪುರ, ಸುರಪುರಗಳ ಕಾಲೇಜುಗಳಲ್ಲಿ ಓದುವ ಒಬ್ಬೊಬ್ಬ ವಿದ್ಯಾರ್ಥಿಯೂ ರಜೆಯಲ್ಲಿ ತನ್ನ ಮನೆಯ ನಾಲ್ಕು ತಲೆಮಾರುಗಳನ್ನು, ತಂದೆಯ ಕಡೆಯಷ್ಟೇ ತಾಯಿಯ ಕಡೆಯದನ್ನೂ, ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ನಾಲ್ಕು ತಲೆಮಾರಿಗೆ ಮೂವತ್ತು ಹೆಸರು. ಇದೇನೂ ಬೆಟ್ಟ ಹೊರುವ ಕೆಲಸವಲ್ಲ. ಹೆಳವರ ಹೊತ್ತಗೆಗಳನ್ನು ಅವರ ಒಪ್ಪಿಗೆ ಪಡೆದು, ಅವರ ಮುಂದೆಯೇ ಛಾಯಾಚಿತ್ರ ತೆಗೆದು, ಮೂಲವನ್ನು ಅವರಿಗೇ ಬಿಟ್ಟು, ಅವರ ವಿದ್ಯೆಗೆ ತಕ್ಕ ಸಂಭಾವನೆಯನ್ನು ಕೊಡಬೇಕು. ಹರಿದ್ವಾರದ ಪಂಡರ ವಂಶಾವಳಿಯ ಬಹಿಗಳನ್ನು ಅಮೆರಿಕದ ಸಂಸ್ಥೆಯೊಂದು ಮೈಕ್ರೋಫಿಲ್ಮಿನಲ್ಲಿ ತೆಗೆದಿರಿಸಿದೆ. ನಮ್ಮ ಹೊತ್ತಗೆಗಳಿಗೆ ಅಂತಹ ಭಾಗ್ಯ ಬರಲೆಂದು ದೂರದವರ ದಾರಿ ಕಾಯಬೇಕೆ? ರೋಗದ ವಿವರಗಳನ್ನು ಮಾತ್ರ ಸಾರ್ವಜನಿಕ ದಾಖಲೆಯಲ್ಲಿ ಸೇರಿಸದೆ ಮನೆಯವರೇ ಇಟ್ಟುಕೊಂಡು ವೈದ್ಯರಿಗೆ ತೋರಿಸಲಿ; ಇಲ್ಲವಾದರೆ ನಮ್ಮ ಹೆಣ್ಣುಮಕ್ಕಳ ಮದುವೆಗೆ ಅದೇ ಮುಳ್ಳಾದೀತು.

ವಂಶಾವಳಿಯನ್ನು ಕೆದಕುವುದರಿಂದ ಜಾತಿಯ ಭಾವನೆ ಬಲಿಯುವುದೆಂದು ಸ್ನೇಹಿತರು ಕೆಲವರು ಆಕ್ಷೇಪಿಸುತ್ತಾರೆ. ಅರ್ಧ ಬರೆದ ವಂಶಾವಳಿಯಿಂದ ಅದು ಬಲಿಯಬಹುದು, ನಿಜ. ತಾಯಂದಿರನ್ನೂ ಸೇರಿಸಿ ಪೂರ್ತಿ ಬರೆಯುತ್ತ ಹೋದಂತೆ, ಎರಡು, ನಾಲ್ಕು, ಎಂಟು ಎಂದು ಕವಲೊಡೆಯುವ ಆ ವೃಕ್ಷ ಎಲ್ಲರ ಅಂಗಳವನ್ನೂ ಮುಟ್ಟುವುದೆಂಬುದನ್ನು ಮೇಲಿನ ಲೆಕ್ಕ ತೋರಿಸಿಕೊಟ್ಟಿದೆ.

ಕಳೆದ ಸುಗ್ಗಿಯಲ್ಲಿ ಹೆಳವರು ಮತ್ತೆ ಬಂದಿದ್ದರು. ಎತ್ತಿನ ಬದಲು ಮೋಟಾರು ಸೈಕಲು. ಹೊತ್ತಗೆ ಮಾತ್ರ ಹಳೆಯದೇ. ಹೇಳಿಕೆ ಮುಗಿದ ಮೇಲೆ ನಮ್ಮ ಅಜ್ಜಿಯ ಹೆಸರನ್ನೂ, ಅವಳ ಅಕ್ಕನ ಹೆಸರನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡೆವು. ಹೆಳವನು ಸ್ವಲ್ಪ ಹೊತ್ತು ಯೋಚಿಸಿ, ಬರೆಯೋಣ, ಅದರಲ್ಲೇನು ಎಂದು ಅಜ್ಜಿಯ ಹೆಸರನ್ನು ಬರೆದನು. ಅಕ್ಕನ ಹೆಸರೇನು ಎಂದು ಕೇಳಿದನು. ಮೂಗವ್ವ ಎಂದೆವು. ಅದು ಜನ ಕರೆದದ್ದು, ಹೆತ್ತವರು ಇಟ್ಟ ಹೆಸರು ಯಾವುದು ಎಂದನು. ಮನೆಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅವನು ಅಷ್ಟು ಜಾಗವನ್ನು ಖಾಲಿ ಬಿಟ್ಟು ಹೊತ್ತಗೆಯನ್ನು ಕಟ್ಟಿದನು.

ಆ ಹೆಸರನ್ನು ಬಲ್ಲವರು ಹತ್ತು ವರ್ಷಗಳ ಹಿಂದೆ ಇದ್ದಿರಬಹುದು. ವಾಚಕರ ಮನೆಗಳಲ್ಲಿ ಅಂತಹ ಹಿರಿಯರು ಇನ್ನೂ ಇದ್ದಾರೆ. ಮುಂದಿನ ಸುಗ್ಗಿಯ ವರೆಗೆ ಕಾಯದೆ, ಇಂದು ಸಂಜೆಯೇ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳುವುದು ಲೇಸು.